ಹಿಲ್ಕಾ ಮುಚ್ಚಿಸಿದ ಸರೋವರ

ಶಾಲೆಯ ಬಸ್ಸು ಓಡಿಸುತ್ತಿದ್ದವಳು ಹಿಲ್ಕಾ ಹಾಪಾಲಾ. ಕೆನಡಾದಲ್ಲಿ, ಸುಪೀರಿಯರ್ ಮಹಾಸರೋವರದಿಂದ ಉತ್ತರಕ್ಕೆ, ಕಾಡಿನೊಳಗೆ ಪಿಟ್ಕಾ ಅನ್ನುವ ಸರೋವರವಿದೆ. ಅದರ ದಂಡೆಯುದ್ದಕ್ಕೂ ಚದುರಿಕೊಂಡಿದ್ದ ಫಿನ್ನಿಷ್ ಮನೆಗಳ ಮಕ್ಕಳೆಲ್ಲ ಅವಳ ಬೆನ್ನ ಹಿಂದೆ ಕೂತೇ ದೊಡ್ಡವರಾದರು. ಗಲಾಟೆ ಮಾಡಿದವರನ್ನು ಅವಳು ಗದರಿಸುತ್ತಿರಲಿಲ್ಲ. ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಹೊರಗಿನ ಚಳಿಯನ್ನು ಒಳಗೆ ಬಿಡುತ್ತಿದ್ದಳು. ಉಳಿದವರೆಲ್ಲ ನಡುಗುತ್ತ ಆ ಗಲಾಟೆಯವನ ಕಡೆ ದುರುಗುಟ್ಟಿ ನೋಡಿದಾಗ ಅವನು ತಾನಾಗಿಯೇ ತೆಪ್ಪಗಾಗುತ್ತಿದ್ದ.

ಮದುವೆಯಾಗಿರಲಿಲ್ಲ. ರೈಲ್ವೆಯಲ್ಲಿದ್ದ ಒಬ್ಬಾತ ಒಂದಷ್ಟು ಕಾಲ ಅವಳ ಮನೆಗೆ ಕಾಫಿಗೆಂದು ಬಂದು ಹೋಗುತ್ತಿದ್ದ. ಆಮೇಲೆ ಪಶ್ಚಿಮಕ್ಕೆ ವರ್ಗ ಮಾಡಿಸಿಕೊಂಡು ಹೊರಟುಹೋದ. ಯಾರಾದರೂ ಕೆದಕಿ ಕೇಳಿದರೆ, "ಅವನಿಗೆ ಮಂಜುಗಡ್ಡೆ ಮೇಲೆ ಸುಮ್ನೆ ಕೂರಕ್ಕೇ ಬರ್ತಿರ್ಲಿಲ್ಲ. ಅಂಥವನನ್ನ ಕಟ್ಕೊಂಡು ಏನ್ ಮಾಡ್ಲಿ?" ಅನ್ನುತ್ತಿದ್ದಳು.

ಸುಮ್ಮನೆ ಕೂರುವುದನ್ನು ಅವಳಿಗೆ ಕಲಿಸಿದವನು ಅಪ್ಪ ಯಾಲ್ಮಾರಿ. ಮರ ಕಡಿಯುವ ಕೂಲಿಯಾಗಿ ಫಿನ್ಲೆಂಡಿನಿಂದ ಬಂದವನು ಅವನು. ಚಳಿಗೆ ಸರೋವರ ಹೆಪ್ಪುಗಟ್ಟಿದ ಮೇಲೆ ಭಾನುವಾರಗಳಲ್ಲಿ ಹಿಲ್ಕಾಳನ್ನೂ ತಮ್ಮ ಓಲಾವಿಯನ್ನೂ ಜಾರುಬಂಡಿಯ ಮೇಲೆ ಕೂರಿಸಿಕೊಂಡು ನಡುನೀರಿಗೆ ಎಳೆದೊಯ್ಯುತ್ತಿದ್ದ. ಹಾರೆಯಿಂದ ಮಂಜುಗಡ್ಡೆ ಒಡೆದು ತೂತು ಮಾಡಿ, ತಗಡು ಬಗ್ಗಿಸಿ ತಾನೇ ಮಾಡಿದ ಹೊಳೆಯುವ ಗಾಳವನ್ನು ಆಳಕ್ಕೆ ಇಳಿಬಿಟ್ಟು, ಗೇಣುದ್ದದ ಕೋಲಿಗೆ ದಾರ ಸುತ್ತಿ ಮಕ್ಕಳ ಕೈಗೆ ಕೊಡುತ್ತಿದ್ದ. ಮೆಲ್ಲಗೆ ಎತ್ತಬೇಕು, ಬಿಡಬೇಕು, ಕಾಯಬೇಕು. ಕತ್ತಲೆಯ ತಣ್ಣೀರಿನ ತಳದಲ್ಲಿ ಟ್ರೌಟ್ ಮೀನು ತನ್ನ ಪಾಡಿಗೆ ತಾನು ಓಡಾಡಿಕೊಂಡಿರುತ್ತದೆ. ಅದಕ್ಕೆ ಅವಸರವಿಲ್ಲ, ನಿನಗೂ ಇರಬಾರದು ಅನ್ನುವುದು ಅವನ ಪಾಠ. ಓಲಾವಿಗೆ ಅದು ಹತ್ತಲಿಲ್ಲ. ಸ್ವಲ್ಪ ಹೊತ್ತು ಕೂತು, ಕೋಲು ಬಿಸಾಕಿ, ಜಾರಾಡಲು ಓಡುತ್ತಿದ್ದ. ಅಕ್ಕ ಮೀನೆತ್ತಿದಾಗ ಮಾತ್ರ ತಿರುಗಿ ಬಂದು, ಅದು ತನ್ನ ತೂತಿನ ಕಡೆ ಬರುತ್ತಿದ್ದ ಮೀನೆಂದು ಜಗಳ ತೆಗೆಯುತ್ತಿದ್ದ. ಸಂಜೆ ಅಮ್ಮ ಹಾಲು, ಆಲೂಗಡ್ಡೆ, ಸೊಪ್ಪು ಹಾಕಿ ಮೀನಿನ ಸಾರು ಕಾಯಿಸಿದರೆ ಇಬ್ಬರೂ ಒಂದೇ ಪಾತ್ರೆಗೆ ಚಮಚ ಹಾಕಿ ತಿನ್ನುತ್ತಿದ್ದರು.

ಅಪ್ಪ ಸತ್ತ ಮೇಲೆ ದಂಡೆಯ ಮೇಲಿನ ಮನೆ, ದೋಣಿಕಟ್ಟೆ ಓಲಾವಿಗೆ ಬಂದವು. ರಸ್ತೆಬದಿಯ ಸಣ್ಣ ಮನೆ ಹಿಲ್ಕಾಳಿಗೆ ಬಂತು. ಆ ಹೊತ್ತಿಗೆ ಮರದ ಕಂಪನಿಯವರು ಸರೋವರದವರೆಗೂ ಲಾರಿ ರಸ್ತೆ ಹಾಕಿದ್ದರು. ಓಲಾವಿಯ ತಲೆ ಓಡತೊಡಗಿತು. ದಂಡೆಯಲ್ಲಿ ಮರದ ಕ್ಯಾಬಿನ್‌ಗಳನ್ನು ಕಟ್ಟಿಸಿದ. ಒಲೆ ಇಟ್ಟ ಹಲಗೆ ಗೂಡುಗಳನ್ನು ಮಾಡಿಸಿ ಮಂಜುಗಡ್ಡೆಯ ಮೇಲೆ ಸಾಲಾಗಿ ನಿಲ್ಲಿಸಿದ. ಪಟ್ಟಣದವರು ಅದರೊಳಗೆ ಬೆಚ್ಚಗೆ ಕೂತು, ಕಾಲಡಿಯ ತೂತಿನಲ್ಲಿ ಗಾಳ ಬಿಟ್ಟು, ಟ್ರೌಟ್ ಹಿಡಿಯಬಹುದಿತ್ತು. ಅವನ ಹೆಂಡತಿ ಸಿಲ್ವಿ ಏಲಕ್ಕಿ ಹಾಕಿದ ಬನ್ನು ಬೇಯಿಸಿ ಕಾಫಿಯ ಜೊತೆ ಗೂಡಿನಿಂದ ಗೂಡಿಗೆ ಕಳಿಸುತ್ತಿದ್ದಳು. ರಜೆಯ ದಿನಗಳಲ್ಲಿ ಹಿಲ್ಕಾಳೂ ಹೋಗಿ ಬೈರಿಗೆ ತಿರುಗಿಸಿ ತೂತು ಕೊರೆದುಕೊಡುತ್ತಿದ್ದಳು, ಮೀನು ಎಲ್ಲಿ ಸಿಗುತ್ತದೆಂದು ತೋರಿಸುತ್ತಿದ್ದಳು. ಅದು ಮೂವರಿಗೂ ಒಳ್ಳೆಯ ಕಾಲ. ಸಿಲ್ವಿಗೂ ಅವಳಿಗೂ ಒಡಹುಟ್ಟಿದವರ ಹಾಗೆ ಹೊಂದಿಕೆಯಿತ್ತು. ಶನಿವಾರ ಇಬ್ಬರೂ ಒಟ್ಟಿಗೆ ಸೌನಾ ಕೋಣೆಯ ಬಿಸಿ ಹಬೆಯಲ್ಲಿ ಕೂತು, ಬಂದವರ ಬಗ್ಗೆ ಆಡಿಕೊಂಡು ನಗುತ್ತಿದ್ದರು.

ಬರುವವರು ಹೆಚ್ಚುತ್ತ ಹೋದರು. ಹಿಮದ ಮೇಲೆ ಓಡುವ ಮೋಟಾರು ಬಂಡಿಗಳು ಬಂದವು. ನಡೆದು ಹೋಗಲು ಅರ್ಧ ದಿನ ಬೇಕಿದ್ದ ಉತ್ತರದ ಕೊಲ್ಲಿಗೆ ಈಗ ಸಿಗರೇಟು ಮುಗಿಯುವಷ್ಟರಲ್ಲಿ ಹೋಗಬಹುದಾಗಿತ್ತು. ಚಳಿಗಾಲದ ಕೊನೆಯ ವಾರಗಳಲ್ಲಿ ಸರೋವರದ ಮೇಲೆ ಒಂದು ಊರೇ ಎದ್ದು ನಿಲ್ಲುತ್ತಿತ್ತು. ಹಿಡಿದ ಟ್ರೌಟುಗಳು ಗೂಡಿನ ಹೊರಗೆ ಸೆಟೆದುಕೊಂಡು ಸೌದೆಯ ಹಾಗೆ ಬಿದ್ದಿರುತ್ತಿದ್ದವು. ಕೆಲವರು ಅವನ್ನು ಒಯ್ಯುವುದನ್ನೇ ಮರೆಯುತ್ತಿದ್ದರು. ಕಾಗೆಗಳು ಕಣ್ಣು ಕುಕ್ಕಿರುತ್ತಿದ್ದವು. ಹಿಲ್ಕಾ ಅಂಥವನ್ನು ಎತ್ತಿಕೊಂಡು ಬಂದು ಹೊಗೆ ಹಾಕಿ ಒಣಗಿಸಿಡುತ್ತಿದ್ದಳು. ಬರಬರುತ್ತ ಅವು ಸಣ್ಣವಾದವು. ಆಮೇಲೆ ಅವೂ ಅಪರೂಪವಾದವು.

ಸರ್ಕಾರದ ಮೀನು ಇಲಾಖೆಯಿಂದ ಮೋಫಟ್ ಅನ್ನುವವನು ಬಂದದ್ದು ಆಗ. ಉದ್ದನೆಯ, ಮಾತು ಕಮ್ಮಿಯ ಆಸಾಮಿ. ಶರತ್ಕಾಲದಲ್ಲಿ ಬಲೆ ಹಾಕಿ ಟ್ರೌಟುಗಳನ್ನು ಎಣಿಸಿ ಮತ್ತೆ ನೀರಿಗೆ ಬಿಡುವುದು ಅವನ ಕೆಲಸ. ದೋಣಿ ಬಲ್ಲವರು ಬೇಕೆಂದಾಗ ಹಿಲ್ಕಾ ಹೋದಳು. ಬಲೆಯಲ್ಲಿ ಸತ್ತಿದ್ದ ಒಂದು ಮೀನನ್ನು ಸೀಳಿ, ಅದರ ಕಿವಿಯೊಳಗಿನ ಸಣ್ಣ ಎಲುಬು ತೆಗೆದು, ಭೂತಗನ್ನಡಿಯ ಕೆಳಗಿಟ್ಟು ಅವಳಿಗೆ ತೋರಿಸಿದ. ಮರದ ಬುಡದಲ್ಲಿರುವ ಹಾಗೆಯೇ ಅದರಲ್ಲಿ ಉಂಗುರಗಳಿದ್ದವು. ಮೊಳದುದ್ದವೂ ಇಲ್ಲದ ಆ ಮೀನು ಅವಳ ಬಸ್ಸಿನ ಕೊನೇ ಬೆಂಚಿನಲ್ಲಿ ಕೂರುವ ದೊಡ್ಡ ಹುಡುಗರ ವಯಸ್ಸಿನದು. ಅದು ಇನ್ನೂ ಒಂದೇ ಒಂದು ಸಲವೂ ಮೊಟ್ಟೆ ಇಟ್ಟಿರಲಿಲ್ಲ. ಶರತ್ಕಾಲದಲ್ಲಿ ನೀರಿನಡಿಯ ಕಲ್ಲುದಿಬ್ಬದ ಮೇಲೆ ಬಂದು, ಕಲ್ಲುಗಳ ಸಂದಿಯಲ್ಲಿ ಮೊಟ್ಟೆ ಉದುರಿಸಿ ಹೋಗುವ ಈ ಮೀನುಗಳು ಯಾವ ಮೀನುಸಾಕಣೆಯಿಂದಲೂ ತಂದು ಬಿಟ್ಟವಲ್ಲ, ಹಿಮಯುಗ ಮುಗಿದಂದಿನಿಂದ ಇಲ್ಲೇ ಇರುವಂಥವು, ಹೋದರೆ ಬೇರೆ ಕಡೆಯಿಂದ ಅದೇ ತಳಿ ತರಲಾಗುವುದಿಲ್ಲ ಎಂದು ಮೋಫಟ್ ಹೇಳಿದ. ಹಿಲ್ಕಾ ಮನೆಗೆ ಬಂದು ಕೈ ತೊಳೆದುಕೊಂಡು ಬಹಳ ಹೊತ್ತು ಅಡಿಗೆಮನೆಯಲ್ಲೇ ಕೂತಳು. ಸೌದೆಯ ಹಾಗೆ ಬಿದ್ದಿರುತ್ತಿದ್ದ ಆ ಮೀನುರಾಶಿಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಅವನ್ನು ಎತ್ತಿದ ತೂತುಗಳಲ್ಲಿ ಎಷ್ಟನ್ನು ತಾನೇ ಕೊರೆದುಕೊಟ್ಟಿದ್ದೆ ಅನ್ನುವುದೂ.

ಚಳಿಗಾಲದ ಮೀನುಬೇಟೆಯನ್ನು ಕೆಲವು ವರ್ಷ ನಿಲ್ಲಿಸಿದರೆ ಮೀನು ಚೇತರಿಸಿಕೊಳ್ಳಬಹುದು, ಆದರೆ ಊರವರೇ ಬೇಡುವುದಾದರೆ ಮಾತ್ರ ಇಲಾಖೆ ಒಪ್ಪೀತು ಎಂಬುದು ಮೋಫಟ್‌ನ ಮಾತು. ಹಿಲ್ಕಾ ಮನೆಮನೆಗೆ ಹೋದಳು. ಮಕ್ಕಳನ್ನು ಇಳಿಸುವಾಗ ಬಾಗಿಲಿಗೆ ಬಂದ ತಾಯಂದಿರಿಗೆ ಬಸ್ಸಿನಿಂದಲೇ ಹೇಳಿದಳು. ಮೊದಲು ಹೇಳಬೇಕಾದವನಿಗೆ ಮಾತ್ರ ಕೊನೆಗೆ ಹೇಳಿದಳು. ಓಲಾವಿ ಗೂಡುಗಳಿಗೆ ಬಣ್ಣ ಬಳಿಯುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕುಂಚವನ್ನು ಡಬ್ಬದ ಅಂಚಿಗೆ ಒರೆಸಿದ.

"ನಂದು ಚಳಿಗಾಲದ ವ್ಯಾಪಾರ, ಹಿಲ್ಕಾ. ಅದು ನಿಂಗೆ ಗೊತ್ತಲ್ಲ?"

"ಗೊತ್ತು. ಮೀನೇ ಇಲ್ದಿದ್ರೆ ಯಾವ ವ್ಯಾಪಾರ?"

"ಮೀನಿರೋವರ್ಗೆ ನಡೀತದೆ. ಆಮೇಲೆ ನೋಡ್ಕೊಳ್ಳಣ."

"ಆಮೇಲೆ ನೋಡಕ್ಕೆ ಏನುಳ್ದಿರತ್ತೆ?"

"ನಿಂಗೆ ಸಂಬಳ ಬರತ್ತೆ," ಅಂದ ಅವನು. "ಬಸ್ಸು ಓಡಿಸ್ತೀಯ, ಸಂಬಳ ತಗೋತೀಯ. ಮೀನಿನ ಮೇಲೆ ಕರುಣೆ ತೋರ್ಸೋದು ಸುಲಭ."

ಫಿನ್ನಿಷ್ ಸಭಾಭವನದಲ್ಲಿ ಸಭೆ ಸೇರಿತು. ಕೂಗಾಟ ನಡೆಯಲಿಲ್ಲ, ಆ ಜನ ಕೂಗಾಡುವವರಲ್ಲ. ಒಬ್ಬೊಬ್ಬರೇ ಎದ್ದು ಎರಡು ಮಾತು ಆಡಿ ಕೂತರು. ಸರೋವರದ ಹೊಳೆಬಾಯಿಯ ಕಡೆಯಿಂದ, ಆ ನೆಲದ ಮೂಲನಿವಾಸಿಗಳಾದ ಓಜಿಬ್ವೆ ಜನಾಂಗದ ಹಿರಿಯ ಎಲೈಜಾ ನೌಗೀಸಿಕ್ ಬಂದಿದ್ದ. ಅವನ ಅಭಿಪ್ರಾಯ ಕೇಳಿದಾಗ ಅವನು ಕೂತಲ್ಲಿಂದಲೇ, "ನಾವಷ್ಟೇ ಇದ್ದಾಗ ಇಲ್ಲಿ ಮೀನಿತ್ತು. ನೀವು ಬಂದ್ಮೇಲೆ ಸಭೆಗಳು ಬಂದ್ವು," ಅಂದ. ಕೆಲವರು ನಕ್ಕರು. ಅವನು ನಗಲಿಲ್ಲ. "ಮುಚ್ಚಿ. ಆದ್ರೆ ಮುಚ್ಚಿದ್ರೇನೇ ಮುಗೀತು ಅನ್ಕೋಬೇಡಿ," ಎಂದು ಸೇರಿಸಿದ.

ಕೈಯೆತ್ತಿದಾಗ ಮುಚ್ಚುವ ಕಡೆಯೇ ಹೆಚ್ಚು ಕೈಗಳಿದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದ ಓಲಾವಿ ಹಿಂದಕ್ಕೆ ತಿರುಗಿ ಯಾರು ಯಾರ ಕೈ ಮೇಲಿದೆ ಎಂದು ನೋಡಲಿಲ್ಲ. ಟೊಪ್ಪಿಗೆ ಹಾಕಿಕೊಂಡು, ಬಾಗಿಲ ಬಳಿ ಸಿಕ್ಕವರಿಗೆ ಶುಭರಾತ್ರಿ ಹೇಳಿ ಹೊರಟ. ಸಿಲ್ವಿ ಸ್ವಲ್ಪ ಹೊತ್ತು ಕೂತಿದ್ದು, ಹಿಲ್ಕಾಳ ಮುಖ ನೋಡಿ, ತಾನೂ ಹೊರಟಳು.

ಸರೋವರ ಚಳಿಗಾಲಕ್ಕೆ ಮುಚ್ಚಿತು. ಊರವರು ಅದಕ್ಕೆ ಹಿಲ್ಕಾ ಮುಚ್ಚಿಸಿದ ಸರೋವರ ಅಂತ ಹೆಸರಿಟ್ಟರು. ಮೊದಮೊದಲು ಅದರಲ್ಲಿ ಅಕ್ಕರೆಯೂ ಇತ್ತು. ಚಳಿಗಾಲದಲ್ಲಿ ಮಂಜುಗಡ್ಡೆ ತನ್ನಷ್ಟಕ್ಕೇ ಗುಡುಗುವ ಸದ್ದು ಬಿಟ್ಟರೆ ಇನ್ನೇನೂ ಕೇಳಿಸುತ್ತಿರಲಿಲ್ಲ. ಹಲಗೆ ಗೂಡುಗಳು ಓಲಾವಿಯ ಅಂಗಳದಲ್ಲಿ ಹಿಮ ಹೊದ್ದು ನಿಂತವು. ಕ್ಯಾಬಿನ್‌ಗಳ ಕಿಟಕಿಗೆ ಹಲಗೆ ಬಡಿದ. ಸಿಲ್ವಿ ಪಟ್ಟಣದ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಅವಳ ಕೈ ಬೆರಳುಗಳೆಲ್ಲ ಸೋಪಿಗೆ ಬಿರಿದವು. ಆದರೂ ಶನಿವಾರದ ಸೌನಾ ತಪ್ಪಿಸಲಿಲ್ಲ. ಓಲಾವಿ ಅಕ್ಕನ ಜೊತೆ ಮಾತು ಬಿಟ್ಟಿರಲಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದ, ಊಟ ಬಡಿಸುತ್ತಿದ್ದ. ಅವನ ಸಿಟ್ಟು ಇಳಿದಿದೆ ಎಂದು ಹಿಲ್ಕಾ ನಂಬಿದಳು.

ಕಲ್ಲುದಿಬ್ಬದ ಕಡೆ ಫಲ ಕಾಣತೊಡಗಿತ್ತು. ಶರತ್ಕಾಲದ ಸಂಜೆಗಳಲ್ಲಿ ದೋಣಿಯಿಂದ ಬಗ್ಗಿ ನೋಡಿದರೆ, ಕಲ್ಲುಗಳ ಮೇಲೆ ಟ್ರೌಟುಗಳು ಒಂದರ ಪಕ್ಕ ಒಂದು ಮೈ ಉಜ್ಜುತ್ತ ಸುಳಿಯುತ್ತಿದ್ದವು. ಒಂದು ವರ್ಷ ಅವುಗಳ ನಡುವೆ ಮೊದಲ ಸಲ ಬಂದ ಎಳೆಯ ಮೀನುಗಳು ಇದ್ದವು. ಮೋಫಟ್ ನಕ್ಕದ್ದನ್ನು ಅವಳು ನೋಡಿದ್ದು ಅದೊಂದೇ ಸಲ. ಅವನು ಕೈಚೀಲದಿಂದ ಚಾಕೊಲೇಟು ತೆಗೆದು ಅರ್ಧ ಮುರಿದು ಅವಳಿಗೆ ಕೊಟ್ಟ. ಆ ಸಂಜೆ ಅವಳು ದೋಣಿಯನ್ನು ಓಲಾವಿಯ ಕಟ್ಟೆಗೇ ತಿರುಗಿಸಿ, ಅವನಿಗೂ ತೋರಿಸಬೇಕು ಅಂದುಕೊಂಡಳು. ಅವನು ಮನೆಯಲ್ಲಿರಲಿಲ್ಲ, ದಕ್ಷಿಣದ ಕಡೆ ಯಾವುದೋ ಕೆಲಸಕ್ಕೆ ಲಾರಿ ತೆಗೆದುಕೊಂಡು ಹೋಗಿದ್ದ.

ಬಾಸ್ ಅನ್ನುವ ಮೀನು ಕಂಡದ್ದು ಅದಾದ ಕೆಲವು ಬೇಸಿಗೆಗಳ ನಂತರ. ದೋಣಿಕಟ್ಟೆಯ ಪಕ್ಕದ ಆಳವಿಲ್ಲದ ನೀರಿನಲ್ಲಿ, ಮರಳನ್ನು ಬಾಲದಿಂದ ಗುಡಿಸಿ ಬಟ್ಟಲಿನಂತೆ ಮಾಡಿಕೊಂಡು, ಒಂದು ಕಂದು ಬಣ್ಣದ ಗಂಡು ಮೀನು ಮೊಟ್ಟೆ ಕಾಯುತ್ತಿತ್ತು. ಹಿಲ್ಕಾ ಹುಟ್ಟು ಹಾಕಿ ಬೆದರಿಸಿದರೂ ಕದಲಲಿಲ್ಲ. ಅದು ಪಿಟ್ಕಾದ ಮೀನಲ್ಲ. ದಕ್ಷಿಣದ ಬೆಚ್ಚನೆಯ ಕೆರೆಗಳದ್ದು. ಗಾಳಕ್ಕೆ ಸಿಕ್ಕಿದರೆ ನೀರಿನಿಂದ ಮೇಲಕ್ಕೆ ಹಾರಿ ಹಾರಿ ಗುದ್ದಾಡುತ್ತದೆಂದು ಪಟ್ಟಣದವರು ಪ್ರಾಣ ಬಿಡುವ ಮೀನು. ದಂಡೆಗೆ ಬಂದು ಸಣ್ಣ ಮೀನುಗಳನ್ನೆಲ್ಲ ಗುಡಿಸಿ ತಿಂದುಬಿಡುತ್ತದೆ. ಆ ಸಣ್ಣ ಮೀನುಗಳನ್ನೇ ನಂಬಿಕೊಂಡ ಟ್ರೌಟಿಗೆ ಏನೂ ಉಳಿಯುವುದಿಲ್ಲ. ಮೋಫಟ್ ಬಂದು ನೀರಿಗಿಳಿದು ನೋಡಿದ. ತಾನಾಗಿ ಬಂದಿರಲು ಸಾಧ್ಯವಿಲ್ಲ, ಯಾರೋ ತಂದು ಬಿಟ್ಟಿದ್ದಾರೆ ಅಂದ.

ಹಿಲ್ಕಾ ಪಟ್ಟಣದವರನ್ನು ಬೈದಳು. ಸಭಾಭವನದ ಕಾಫಿಯ ಮೇಜಿನ ಮುಂದೆ ಬೈದಳು, ಅಂಚೆ ಕಚೇರಿಯಲ್ಲಿ ಬೈದಳು, ಬಸ್ಸಿನಲ್ಲಿ ಮಕ್ಕಳ ಮುಂದೆ ಬೈದಳು. ಗಾಳಕ್ಕೆಂದು ಬಕೀಟಿನಲ್ಲಿ ತಂದ ಮೀನನ್ನು ಕೆರೆಗೆ ಸುರಿದು ಹೋಗುವ ದರಿದ್ರದವರು ಅಂದಳು. ಕೇಳಿದವರು ಹೌದು ಹೌದೆಂದು ತಲೆಯಾಡಿಸಿ ಬೇರೆ ಮಾತಿಗೆ ಹೊರಳುತ್ತಿದ್ದರು. ಅವಳಿಗೆ ಅದು ಬರೀ ಅಸಡ್ಡೆಯ ಹಾಗೆ ಕಂಡಿತು.

ಒಂದು ಶನಿವಾರ ಸೌನಾದಲ್ಲಿ ಸಿಲ್ವಿ ಬಿಸಿ ಕಲ್ಲುಗಳ ಮೇಲೆ ನೀರು ಹೊಯ್ದು, ಹಬೆ ಏಳುತ್ತಿದ್ದಾಗ, ಅವಳ ಕಡೆ ತಿರುಗದೆ ಹೇಳಿದಳು: "ಪಟ್ಟಣದೋರನ್ನ ಬೈಯೋದು ಸಾಕು ಮಾಡು, ಹಿಲ್ಕಾ. ಜನ ನಗ್ತಾರೆ."

"ಯಾಕೆ ನಗ್ತಾರೆ?"

"ಯಾರು ತಂದಿದ್ದು ಅಂತ ಎಲ್ರಿಗೂ ಗೊತ್ತು. ನಿಂಗೊಬ್ಳಿಗೇ ಗೊತ್ತಿಲ್ಲ."

ಯಾರು ಎಂದು ಹಿಲ್ಕಾ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಸಿಲ್ವಿಯ ಬಿರಿದ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಹಿಲ್ಕಾ ಎದ್ದು, ಒದ್ದೆ ಕೂದಲಿನಲ್ಲೇ ಬಟ್ಟೆ ಹಾಕಿಕೊಂಡು ದೋಣಿಕಟ್ಟೆಗೆ ನಡೆದಳು. ಬೇಸಿಗೆಯ ಉದ್ದನೆಯ ಸಂಜೆ, ಇನ್ನೂ ಬಿಸಿಲಿತ್ತು. ಓಲಾವಿ ಕಟ್ಟೆಯ ಹಲಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ಕ್ಯಾಬಿನ್‌ಗಳ ಕಿಟಕಿಯ ಹಲಗೆಗಳನ್ನು ಕಿತ್ತಿದ್ದ. ಎರಡರ ಮುಂದೆ ಹೊರಗಿನವರ ಕಾರುಗಳು ನಿಂತಿದ್ದವು.

"ನೀನಾ?" ಅಂದಳು.

ಅವನು ತುಟಿಯ ನಡುವೆ ಕಚ್ಚಿದ್ದ ಮೊಳೆಗಳನ್ನು ಕೈಗೆ ತೆಗೆದುಕೊಂಡ. "ನಾನೇ. ಹಾಲಿನ ಕ್ಯಾನುಗಳಲ್ಲಿ ತಂದೆ. ದಾರಿಲಿ ಅರ್ಧ ಸತ್ವು, ಅರ್ಧ ಉಳೀತು."

"ಏನ್ ಮಾಡ್ತಿದೀಯ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನೀನು ಚಳಿಗಾಲ ಮುಚ್ಚಿಸಿದೆ. ನಾನು ಬೇಸಿಗೆ ತೆರೆದೆ."

"ಅಪ್ಪನ ಮೀನು ಕಣೋ ಅವು."

"ಅಪ್ಪನ ಮೀನು ನಂಗೆ ಒಂದು ಬಕೀಟು ಕಲ್ಲಿದ್ದಲೂ ತಂದ್ಕೊಡಲಿಲ್ಲ. ಸಿಲ್ವಿ ಕೈ ನೋಡಿದೀಯಾ? ಮುದುಕರ ಉಚ್ಚೆ ಬಟ್ಟೆ ಒಗೀತಾಳೆ ಅವ್ಳು. ಆ ಸಭೇಲಿ ಕೈಯೆತ್ತಿದೋರಲ್ಲಿ ಒಬ್ರಾದ್ರೂ ಬಂದು, ಓಲಾವಿ, ಈ ಚಳಿಗಾಲ ಹೇಗೆ ಕಳೀತೀಯ ಅಂತ ಕೇಳಿದ್ರಾ? ನೀನು ಕೇಳಿದ್ಯಾ?"

ಅವಳು ಕೇಳಿರಲಿಲ್ಲ. ಅದರಿಂದಲೇ ಅವಳ ಸಿಟ್ಟು ಇನ್ನೂ ಏರಿತು. ತಿರುಗಿ ನಡೆದಳು. ಹಿಂದೆ ಸುತ್ತಿಗೆಯ ಏಟು ಮತ್ತೆ ಶುರುವಾಯಿತು.

ಎರಡು ದಿನ ಯೋಚಿಸಿ ಅವಳು ಮೋಫಟ್‌ಗೆ ಹೇಳಿದಳು. ಒಡಹುಟ್ಟಿದವನ ಮೇಲೆ ದೂರು ಬರೆಸುತ್ತೀಯಾ, ಸರಿಯಾಗಿ ಯೋಚಿಸಿದ್ದೀಯಾ ಎಂದು ಅವನು ಎರಡು ಸಲ ಕೇಳಿದ. ಇದರಿಂದ ಮೀನು ವಾಪಸ್ಸು ಬರುವುದಿಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ಹಾಗಿದ್ದರೂ ಬರೆದುಕೋ ಅಂದಳು. ಇನ್ನೊಬ್ಬ ಇದನ್ನೇ ಮಾಡಲು ಹೊರಟಾಗ ಹಿಂಜರಿಯಲಿ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೂ ಹೌದು. ಆದರೆ ಊರೆಲ್ಲ ತನ್ನ ಮುಂದೆ ತಲೆಯಾಡಿಸಿ ಬೆನ್ನ ಹಿಂದೆ ನಕ್ಕಿತ್ತಲ್ಲ, ಆ ನೋವೂ ಅದರಲ್ಲಿತ್ತು.

ಕೋರ್ಟಿನಲ್ಲಿ ಓಲಾವಿ ತಪ್ಪೊಪ್ಪಿಕೊಂಡ. ದಂಡ ಹಾಕಿದರು. ಊರವರು ಸಭಾಭವನದಲ್ಲಿ ಟೊಪ್ಪಿಗೆಯೊಂದನ್ನು ಕೈಯಿಂದ ಕೈಗೆ ದಾಟಿಸಿ ಚಂದಾ ಎತ್ತಿ ಅದನ್ನು ಕಟ್ಟಿಕೊಟ್ಟರು. ಸರೋವರ ಮುಚ್ಚಲು ಕೈಯೆತ್ತಿದ್ದವರೂ ಆ ಟೊಪ್ಪಿಗೆಗೆ ಹಾಕಿದರು. ಹಿಲ್ಕಾಳ ಮುಂದೆ ಯಾರೂ ಅದನ್ನು ಹಿಡಿಯಲಿಲ್ಲ.

ಅದಾದ ಮೇಲೆ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅಂಗಡಿಯಲ್ಲಿ ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಕಾಫಿಯ ಮೇಜಿನಲ್ಲಿ ಅವಳ ಪಕ್ಕದ ಕುರ್ಚಿ ಖಾಲಿ ಉಳಿಯುತ್ತಿತ್ತು. ಚಳಿಗಾಲ ಬಂದಾಗ ಅವಳು ಬೆಳಗಿನ ಕತ್ತಲಲ್ಲಿ ಬಸ್ಸು ತೆಗೆದುಕೊಂಡು ಹೋಗಿ ಒಂದು ಗೇಟಿನ ಮುಂದೆ ನಿಂತರೆ, ಆ ಮನೆಯವರ ಲಾರಿ ಮಕ್ಕಳನ್ನು ಕೂರಿಸಿಕೊಂಡು ಅವಳ ಬಸ್ಸನ್ನು ಬಳಸಿಕೊಂಡೇ ಮುಂದೆ ಹೋಗುತ್ತಿತ್ತು. ಮೊದಲು ಒಂದು ಮನೆ, ಆಮೇಲೆ ಇನ್ನೊಂದು. ನಿಯಮದ ಪ್ರಕಾರ ಅವಳು ಆ ಗೇಟುಗಳ ಮುಂದೆಲ್ಲ ನಿಲ್ಲಲೇಬೇಕಿತ್ತು. ನಿಂತು, ಬಾಗಿಲು ತೆರೆದು, ಮುಚ್ಚಿ, ಮುಂದೆ ಹೋಗುತ್ತಿದ್ದಳು. ಶನಿವಾರದ ಸೌನಾಕ್ಕೆ ಸಿಲ್ವಿ ಕರೆಯಲಿಲ್ಲ. ಹಿಲ್ಕಾ ತನ್ನ ಮನೆಯ ಹಿಂದೆ ಒಬ್ಬರೇ ಕೂರುವಷ್ಟು ಸಣ್ಣದೊಂದನ್ನು ಕಟ್ಟಿಕೊಂಡಳು.

ಬೇಸಿಗೆಯ ಆರಂಭದಲ್ಲಿ ಪ್ರತಿ ವರ್ಷ ಅವಳು ಮೋಫಟ್‌ನ ಜೊತೆ ಬಾಸ್ ಹಿಡಿಯಲು ಹೋದಳು. ಬಲೆಯಿಂದ, ಗಾಳದಿಂದ, ಮೊಟ್ಟೆ ಕಾಯುತ್ತಿದ್ದ ಗಂಡುಗಳನ್ನು ಹಿಡಿದು ಡ್ರಮ್ಮುಗಳಲ್ಲಿ ತುಂಬಿ ಹೂಳುತ್ತಿದ್ದರು. ಕೊಲ್ಲಿಯೊಂದನ್ನು ಬರಿದು ಮಾಡಿದೆವೆಂದು ಕೂತರೆ, ಮರುವರ್ಷ ಅದೇ ಕೊಲ್ಲಿಯಲ್ಲಿ ಮರಿಗಳು ಹೊಗೆಯ ಹಾಗೆ ತೇಲುತ್ತಿದ್ದವು. ಶರತ್ಕಾಲದ ಬಲೆಯಲ್ಲಿ ಬರುವ ಟ್ರೌಟುಗಳು ವರ್ಷದಿಂದ ವರ್ಷಕ್ಕೆ ಬಡಕಲಾದವು. ತಲೆ ದೊಡ್ಡದು, ಮೈ ಹಾವಿನ ಹಾಗೆ. ಕಲ್ಲುದಿಬ್ಬದ ಮೇಲೆ ಎಳೆಯವು ಬರಲಿಲ್ಲ. ಮುದಿ ಮೀನುಗಳಷ್ಟೇ ಹಳೆಯ ಅಭ್ಯಾಸದಂತೆ ಬಂದು ಸುಳಿದು ಹೋಗುತ್ತಿದ್ದವು.

ಓಲಾವಿಯ ಕೈ ಮೇಲಾಯಿತು. ಬೇಸಿಗೆಯಿಡೀ ಕ್ಯಾಬಿನ್‌ಗಳು ತುಂಬಿದವು. ಬಾಸ್ ಹಿಡಿಯುವ ಪಂದ್ಯ ಶುರುವಾಯಿತು. ರಸ್ತೆಯ ತಿರುವಿನಲ್ಲಿ ಮರದಲ್ಲಿ ಕೆತ್ತಿದ, ಬಾಯ್ತೆರೆದ, ಆಳೆತ್ತರದ ಬಾಸ್ ಮೀನೊಂದನ್ನು ನಿಲ್ಲಿಸಿದರು. ಹಿಲ್ಕಾ ದಿನಕ್ಕೆ ಎರಡು ಸಲ ಬಸ್ಸಿನಲ್ಲಿ ಅದರ ಪಕ್ಕ ಹಾದುಹೋಗಬೇಕಿತ್ತು. ಸಿಲ್ವಿ ವೃದ್ಧಾಶ್ರಮದ ಕೆಲಸ ಬಿಟ್ಟಳು. ಊರಿನ ಅಂಗಡಿಗೂ ಪೆಟ್ರೋಲು ಬಂಕಿಗೂ ವ್ಯಾಪಾರ ಬಂತು. ಅವನಿಂದ ಊರಿಗೆ ಒಳ್ಳೆಯದಾಯಿತು ಅನ್ನುವುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಹಿಲ್ಕಾಳೂ ಅಲ್ಲಗಳೆಯಲಿಲ್ಲ. ಅದೇ ಅವಳ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತ್ತು.

ಕಾಲ ಸರಿಯಿತು. ಅವಳು ಬಸ್ಸಿನ ಕೀಲಿ ಒಪ್ಪಿಸಿ ಮನೆಯಲ್ಲಿ ಕೂತಳು. ಸಿಲ್ವಿ ಎದೆಯ ಕಾಯಿಲೆಯಿಂದ ತೀರಿಕೊಂಡಳು. ಅದಾದ ಮೇಲೆ ಓಲಾವಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಕ್ಯಾಬಿನ್‌ಗಳನ್ನು ಪಟ್ಟಣದವನೊಬ್ಬನಿಗೆ ಮಾರಿ ಅಪ್ಪನ ಹಳೆಯ ಮನೆಯಲ್ಲಿ ಒಬ್ಬನೇ ಉಳಿದ. ಅಕ್ಕ ತಮ್ಮ ಎದುರಾದರೆ ಹವಾಮಾನದ ಬಗ್ಗೆ ಎರಡು ಮಾತಾಡುತ್ತಿದ್ದರು. ಒಂದು ಶರತ್ಕಾಲ ಮೋಫಟ್ ಕೊನೆಯ ಸಲ ಬಂದ. ಅವನೂ ನಿವೃತ್ತನಾಗುತ್ತಿದ್ದ. ಅಡಿಗೆಮನೆಯಲ್ಲಿ ಕೂತು, ಕಾಫಿ ಮುಗಿಸಿ, ಈ ಚಳಿಗಾಲದಿಂದ ಸರೋವರವನ್ನು ಮತ್ತೆ ಎಲ್ಲರಿಗೂ ತೆರೆಯುತ್ತಾರೆಂದು ತಿಳಿಸಿದ. ಯಾಕೆ ಎಂದು ಅವಳು ಕೇಳಿದಳು.

"ಕಾಪಾಡೋಕೆ ಇನ್ನೇನೂ ಉಳ್ದಿಲ್ಲ ಅಂತ," ಅಂದ ಮೋಫಟ್. ಅವಳ ಮುಖ ನೋಡದೆ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತ.

ತೆರೆದ ದಿನ ಬೆಳಿಗ್ಗೆ ಅವಳಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಬೈರಿಗೆಯನ್ನು ಜಾರುಬಂಡಿಗೆ ಕಟ್ಟಿಕೊಂಡು ಹೊರಟಳು. ಏನನ್ನು ನೋಡಬೇಕೆಂದು ಹೊರಟೆ ಎಂದು ಅವಳಿಗೂ ಗೊತ್ತಿರಲಿಲ್ಲ. ಸರೋವರದ ಮೇಲೆ ಅಲ್ಲೊಂದು ಇಲ್ಲೊಂದು ಮೋಟಾರು ಬಂಡಿ ನಿಂತಿತ್ತು. ಕೆಲವರು ತೂತು ಕೊರೆದು, ಸ್ವಲ್ಪ ಹೊತ್ತು ಕೂತು, ಏನೂ ಸಿಗದ್ದರಿಂದ ಸಾಮಾನು ಕಟ್ಟುತ್ತಿದ್ದರು. ಹಳೆಯ ಮನೆಯ ನೇರಕ್ಕೆ, ಆಳ ಶುರುವಾಗುವಲ್ಲಿ, ಮಗುಚಿದ ಬಕೀಟಿನ ಮೇಲೆ ಓಲಾವಿ ಕೂತಿದ್ದ. ಮುಂದೆ ಒಂದು ಬೈರಿಗೆ ಮಂಜುಗಡ್ಡೆಯಲ್ಲಿ ನಾಲ್ಕು ಬೆರಳು ಇಳಿದು ಸಿಕ್ಕಿಕೊಂಡಿತ್ತು. ಒಂದೇ ಕೈಯಲ್ಲಿ ತಿರುಗಿಸಲು ಹೋಗಿ ಸೋತು ಕೂತಿದ್ದ.

ಹಿಲ್ಕಾ ಅವನನ್ನು ದಾಟಿ ಹೋಗಬಹುದಿತ್ತು. ದಾಟಿಯೂ ಹೋದಳು. ಸ್ವಲ್ಪ ದೂರ ಹೋಗಿ ತಿರುಗಿ ಬಂದು, ತನ್ನ ಬೈರಿಗೆಯನ್ನು ಊರಿ ತೂತು ಕೊರೆದಳು. ಜಾಲರಿ ಸೌಟಿನಿಂದ ಪುಡಿ ಮಂಜನ್ನು ಎತ್ತಿ ಹಾಕಿದಳು. ಅವನು ಒಳ್ಳೆಯ ಕೈಯಲ್ಲಿ ಗಾಳ ಬಿಟ್ಟ. ಅವಳು ಜಾರುಬಂಡಿಯ ಅಂಚಿನ ಮೇಲೆ ಕೂತಳು. ಗಾಳಿ ಇರಲಿಲ್ಲ. ಹಗಲು ಏರಿ, ಇಳಿಮುಖವಾಗುವವರೆಗೂ ಓಲಾವಿ ಒಮ್ಮೆಯೂ ಕದಲದೆ ಕೂತಿದ್ದ. ಅವನು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಅವಳು ಜೀವಮಾನದಲ್ಲಿ ನೋಡಿರಲಿಲ್ಲ.

"ಒಂದು ಕೇಳ್ಲಾ?" ಅಂದ ಕೊನೆಗೆ. ಲಕ್ವದಿಂದ ಅವನ ಮಾತು ಒಂದು ಪಕ್ಕಕ್ಕೆ ಜಾರುತ್ತಿತ್ತು. "ಮತ್ತೆ ಹಾಗೇ ಆಗಿದ್ರೆ, ಮತ್ತೆ ನನ್ ಮೇಲೆ ದೂರು ಕೊಡ್ತಿದ್ಯಾ?"

"ಕೊಡ್ತಿದ್ದೆ."

ಅವನು ತಲೆಯಾಡಿಸಿದ. "ನಾನೂ ತರ್ತಿದ್ದೆ."

ಆಮೇಲೆ ದಾರ ಬಿಗಿಯಿತು. ಅವನಿಗೆ ಒಂದೇ ಕೈ, ದಾರ ಜಾರತೊಡಗಿತು. ಹಿಲ್ಕಾ ಮಂಡಿಯೂರಿ, ಕೈಗವಸು ಕಿತ್ತು, ದಾರವನ್ನು ಕೈಗೆ ತೆಗೆದುಕೊಂಡು ಎಳೆದಳು. ತೂತಿನಿಂದ ಬಂದದ್ದು ಟ್ರೌಟು. ಪಿಟ್ಕಾದ ಹಳೆಯ ತಳಿ. ಕಪ್ಪು ಮೈಯ ಮೇಲೆ ಹೊಟ್ಟಿನಂಥ ಮಸುಕು ಚುಕ್ಕೆಗಳು. ಉದ್ದಕ್ಕೆ ಒಂದು ತೋಳಿನಷ್ಟಿತ್ತು, ದಪ್ಪ ಮಾತ್ರ ಮಣಿಕಟ್ಟಿಗಿಂತ ಸ್ವಲ್ಪ ಹೆಚ್ಚು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಗಾಳವನ್ನು ಹಸಿವಿನಿಂದ ಪೂರ್ತಿ ನುಂಗಿಬಿಟ್ಟಿತ್ತು. ಕಿವಿರುಗಳಿಂದ ರಕ್ತ ಹರಿದು ಮಂಜುಗಡ್ಡೆ ಕೆಂಪಾಗುತ್ತಿತ್ತು.

"ಬಿಡು ಅದನ್ನ," ಅಂದ ಓಲಾವಿ.

"ಬದುಕಲ್ಲ."

"ಆದ್ರೂ ಬಿಡು."

"ಬದುಕಲ್ಲ ಅಂದ್ನಲ್ಲ," ಎಂದು ಅವಳು ಮೀನಿನ ತಲೆಗೆ ಒಂದೇ ಏಟು ಹಾಕಿದಳು. ಅವನ ಕಡೆ ತಿರುಗದೆ ಬೈರಿಗೆಯನ್ನು ಜಾರುಬಂಡಿಗೆ ಕಟ್ಟತೊಡಗಿದಳು.

ತಮ್ಮನನ್ನು ಜಾರುಬಂಡಿಯ ಮೇಲೆ ಕೂರಿಸಿ, ಮೀನನ್ನು ಅವನ ತೊಡೆಯ ಮೇಲಿಟ್ಟು, ದಂಡೆಗೆ ಎಳೆದುತಂದಳು. ಅವನ ಅಡಿಗೆಮನೆಯಲ್ಲಿ ಸಿಲ್ವಿಯ ಪಾತ್ರೆಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಮೀನು ಸೀಳಿದರೆ ಒಳಗೆ ಏನೂ ಇರಲಿಲ್ಲ, ಮೊಟ್ಟೆಯೂ ಇಲ್ಲ, ತಿಂದ ಗುರುತೂ ಇಲ್ಲ. ಆಲೂಗಡ್ಡೆ ಬೇಯಿಸಿ, ಹಾಲು ಹೊಯ್ದು, ಸಾರು ಮಾಡಿದಳು. ರೈ ಬ್ರೆಡ್ಡು ಕತ್ತರಿಸಿಟ್ಟಳು. ಅವನ ತುತ್ತಿನಿಂದ ಮುಳ್ಳು ಬಿಡಿಸಿಕೊಡಬೇಕಾಯಿತು.

ಓಲಾವಿ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ನುಂಗಿದ.

"ರುಚಿ ಹಾಗೇ ಇದೆ, ಹಿಲ್ಕಾ," ಅಂದ.

ಅವಳೂ ತಿಂದು ನೋಡಿದಳು. ಹಾಗೇ ಇತ್ತು. ತಟ್ಟೆಯನ್ನು ಎತ್ತಿ ಗೋಡೆಗೆ ಎಸೆಯಬೇಕು ಅನ್ನಿಸಿತು ಅವಳಿಗೆ. ಎಸೆಯಲಿಲ್ಲ. ತಟ್ಟೆಯಲ್ಲಿದ್ದಷ್ಟನ್ನೂ ತಿಂದಳು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಅವನಿಗೆ ಬಡಿಸಿದಳು.

ಮಂಜುಗಡ್ಡೆ ಕರಗುವ ಹೊತ್ತಿಗೆ ಓಲಾವಿಗೆ ಎರಡನೇ ಸಲ ಲಕ್ವ ಹೊಡೆಯಿತು. ಈ ಸಲ ಉಳಿಯಲಿಲ್ಲ. ಅವನನ್ನು ಮಣ್ಣು ಮಾಡಿದ ಮೇಲಿನ ಕಾಫಿಗೆ ಸಭಾಭವನ ತುಂಬಿತ್ತು. ವರ್ಷಗಳಿಂದ ಅವಳ ಜೊತೆ ಮಾತು ಬಿಟ್ಟಿದ್ದವರೆಲ್ಲ ಸಾಲಾಗಿ ಬಂದು ಕೈ ಕುಲುಕಿದರು. ಹಿಂದೆ ಅವಳ ಬಸ್ಸಿನಲ್ಲಿ ಕೂತು ಬೆಳೆದ ಹೆಂಗಸೊಬ್ಬಳು, ತನ್ನ ಮಕ್ಕಳನ್ನು ಲಾರಿಯಲ್ಲಿ ಕಳಿಸಿದ್ದವಳು, ಪಕ್ಕದ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡು, ಓಲಾವಿ ತಾನು ಮಾಡಿದ್ದಕ್ಕೆ ಒಳಗೊಳಗೇ ಬಹಳ ನೊಂದುಕೊಂಡಿದ್ದ, ಹೇಳಲಾಗದೆ ಸತ್ತ, ಅದು ತನಗೆ ಗೊತ್ತು ಅಂದಳು.

"ಇಲ್ಲ ಕಣೆ," ಅಂದಳು ಹಿಲ್ಕಾ. "ಅವನೇನೂ ನೊಂದ್ಕೊಂಡಿರ್ಲಿಲ್ಲ. ನಂಗೇ ಹೇಳ್ದ."

ಆ ಹೆಂಗಸು ಬನ್ನಿನ ತಟ್ಟೆಯನ್ನು ಅವಳ ಕಡೆ ಸರಿಸಿ, ಎದ್ದು ಬೇರೆ ಮೇಜಿಗೆ ಹೋದಳು. ಹಿಲ್ಕಾ ತನ್ನ ಕಾಫಿಯನ್ನು ಪೂರ್ತಿ ಕುಡಿದು, ಕೋಟು ಹಾಕಿಕೊಂಡು, ಕರಗಿದ ಹಿಮದ ಕೆಸರಿನಲ್ಲಿ ಮನೆಗೆ ನಡೆದಳು. ಮುಂದಿನ ಚಳಿಗಾಲ ಸರೋವರ ತೆರೆದೇ ಇತ್ತು. ಅದರ ಮೇಲೆ ಯಾರೂ ಹೋಗಲಿಲ್ಲ.